ನೆಲಮಹಡಿಯ ಕೆಳಗೆ

ಬೆಳಗಾಗುವಷ್ಟರಲ್ಲಿ ಹಿತ್ತಿಲಿನ ನೀರಿನ ಡ್ರಮ್ಮು ಸೊಂಟದವರೆಗೆ ನೆಲದೊಳಗೆ ಇಳಿದು ನಿಂತಿತ್ತು. ಮುರಿಗೆಪ್ಪ ಬಾಯಲ್ಲಿದ್ದ ಬ್ರಶ್ಶನ್ನು ತೆಗೆಯುವುದನ್ನೂ ಮರೆತು ನೋಡಿದ. ಮುಂಬಯಿಯ ಮುಲುಂಡಿನ ಈ ಗ್ರೌಂಡ್ ಫ್ಲೋರಿನಲ್ಲಿ ಮೂವತ್ತು ವರ್ಷ ಕಳೆದವನು ಅವನು. ಗೋಡೆ ಜಿನುಗಿದ್ದು, ಬಾಗಿಲಿಗೆ ಗೆದ್ದಲು ಹಿಡಿದದ್ದು, ಗಟಾರ ಉಕ್ಕಿ ಅಡುಗೆಮನೆಗೆ ಬಂದದ್ದು ಎಲ್ಲ ಕಂಡಿದ್ದ. ನೆಲವೇ ಬಾಯಿ ತೆರೆದದ್ದು ಇದೇ ಮೊದಲು.

ಗಾರೆ ಕೆಲಸದ ಗೌಂಡಿ ಭೀಮರಾಯ ಬಂದು ಡ್ರಮ್ಮನ್ನು ಎಳೆದು ತೆಗೆದ. ಕೆಳಗೆ ಒಡೆದ ಕಲ್ಲುಚಪ್ಪಡಿ, ಅದರ ಕೆಳಗೆ ಬರೀ ಕತ್ತಲೆ. ಮುರಿಗೆಪ್ಪನ ಹೆಂಡತಿ ರುದ್ರವ್ವ ಒಂದು ಹರಳು ಎತ್ತಿ ಒಳಗೆ ಹಾಕಿದಳು. ಸದ್ದು ಬರಲು ಹೊತ್ತು ಹಿಡಿಯಿತು. ಬಂದದ್ದು ಮಣ್ಣಿನ ಸದ್ದಲ್ಲ.

"ಅಯ್ಯ ಶಿವನ! ಬಾವಿ ಐತ್ರೀ ಇದು!" ಎಂದಳು.

ಬಿಲ್ಡಿಂಗ್ ಏಳುವ ಮೊದಲು ಇಲ್ಲಿ ಗದ್ದೆಯಿತ್ತಂತೆ. ಕಟ್ಟಿಸಿದವನು ಬಾವಿಯ ಮೇಲೆ ಚಪ್ಪಡಿ ಎಳೆದು, ಮಣ್ಣು ಸುರಿದು, ಕೈ ತೊಳೆದುಕೊಂಡು ಹೋಗಿದ್ದ. ಗಂಡ ಹೆಂಡತಿ ಇಷ್ಟು ವರ್ಷ ಅದರ ಮೇಲೆಯೇ ಡ್ರಮ್ಮಿಟ್ಟು, ಕೋಳಿ ಕೂಗುವ ಹೊತ್ತಿಗೆ ಎದ್ದು, ನಲ್ಲಿಯಲ್ಲಿ ನೀರು ಬರುವುದನ್ನು ಕಾಯುತ್ತ ಕೂತಿದ್ದರು.

"ಭೀಮರಾಯಾ, ಇವತ್ತs ಮುಚ್ಚಿಬಿಡು. ಮಂದಿ ನೋಡೂದ್ರಾಗ," ಎಂದ ಮುರಿಗೆಪ್ಪ.

"ನೀರಿನ ಮ್ಯಾಲ ಕಲ್ಲು ಹಾಕಸ್ತೀರೇನು?" ಎಂದಳು ರುದ್ರವ್ವ.

"ನಿನಗ ತಿಳೀದಿಲ್ಲ ಸುಮ್ಮನಿರು. ಸೊಸೈಟಿಗೆ ಗೊತ್ತಾದ್ರ ನಾಳೆ ಮೀಟಿಂಗು, ನಾಡಿದ್ದು ಪಂಪು. ಬೇಲಿ ಕಿತ್ತು ಒಗೀತಾರ. ನಿನ್ನ ಮಲ್ಲಿಗಿ ಬಳ್ಳಿ, ಕರಿಬೇವು, ನನ್ನ ಕುರ್ಚಿ, ಎಲ್ಲಾ ಹೋತು!"

ಮಾತು ಸುಳ್ಳಲ್ಲ. ಜಾಗ ಬಿಲ್ಡಿಂಗಿನವರೆಲ್ಲ ಸೇರಿದ ಸೊಸೈಟಿಯದು, ಬೇಲಿ ಮಾತ್ರ ಇವರದು. ಆದರೆ ಮುಂಬಯಿಯಲ್ಲಿ ಕುರ್ಚಿ ಹಾಕಿ ಕೂತು ಆಕಾಶ ನೋಡುವಷ್ಟು ನೆಲ ಇದ್ದವನು ಅರಸನೇ ಸರಿ. ಅದನ್ನು ಬಿಟ್ಟುಕೊಡುವುದು ಹೇಗೆ? ಭೀಮರಾಯ ಪಕ್ಕದ ಗಲ್ಲಿಯಲ್ಲಿ ಕೆಡವುತ್ತಿದ್ದ ಮನೆಯಿಂದ ಇಟ್ಟಿಗೆ ಚೂರು ತುಂಬಿ ತರಲು ಚೀಲ ಹಿಡಿದು ಹೊರಟ.

ಅಷ್ಟರಲ್ಲಿ ಮೇಲಿನ ಮನೆಯ ಬಾಲ್ಕನಿಯಿಂದ ಉಡುಪಿಯ ಶೀಲಾವತಿ ಬಗ್ಗಿದಳು. "ಎಂತದು ಮಾರಾಯ್ರೆ, ಬೆಳಿಗ್ಗೆ ಬೆಳಿಗ್ಗೆ ಧಡಬಡ?"

"ಡ್ರೈನೇಜ್ ರೀ, ಬರೀ ಡ್ರೈನೇಜು!" ಎಂದ ಮುರಿಗೆಪ್ಪ.

"ನಿನ್ನೆ ನಾನೊಂದು ಸ್ಟೂಲ್ ಎಳೆದದ್ದಕ್ಕೆ ಎಷ್ಟು ಬೊಬ್ಬೆ ಹಾಕಿದ್ರಿ! 'ಮೆಲ್ಲಕ, ಕೆಳಗ ಮಂದಿ ಅದಾರ' ಅಂತ. ನಿಮಗೇನು, ನಿಮ್ಮ ಕೆಳಗೆ ಯಾರುಂಟು? ಕುಟ್ಟಿ, ಕುಟ್ಟಿ."

ರುದ್ರವ್ವ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಸ್ಟೀಲ್ ಕೊಡದ ಕುತ್ತಿಗೆಗೆ ಬಿಗಿಯುತ್ತಿದ್ದಳು. "ಮುಚ್ಚೂದಿದ್ರ ಮುಚ್ಚಸ್ರಿ. ಮೊದಲ ಒಂದು ಕೊಡ ಸೇದಿ, ವಿಭೂತಿ ಹಚ್ಚಿ, ಗಂಗವ್ವನ ಪೂಜಾ ಮಾಡ್ತೀನಿ. ಆಮ್ಯಾಲ ನಿಮ್ಮ ಕಲ್ಲು." ವಿಜಯಪುರದ ಕಡೆಯ ಹಳ್ಳಿಯಲ್ಲಿ ನೀರು ಸೇದಿ ಬೆಳೆದ ಕೈ, ಹಗ್ಗ ಸಿಕ್ಕಿದ್ದೇ ತಡ, ಯೌವನ ನೆನಪಾದಂತೆ ಸರಸರ ಆಡಿತು. ಕೊಡ ಮುಳುಗಿತು, ತುಂಬಿತು, ಮೇಲೆ ಬಂತು.

ನೀರಿನೊಳಗೆ ಏನೋ ಹೊರಳಿತು.

"ಹಾವಿನ ಮರಿ! ಹಿಂದಕ್ಕ ಸರಿ!" ಮುರಿಗೆಪ್ಪ ಇಟ್ಟಿಗೆ ಎತ್ತಿಯೇ ಬಿಟ್ಟ. ಕುತೂಹಲ ತಡೆಯಲಾರದೆ ನೈಟಿಯ ಮೇಲೊಂದು ಟವೆಲ್ ಹೊದ್ದು ಇಳಿದು ಬಂದಿದ್ದ ಶೀಲಾವತಿ ಅವನ ಕೈ ಹಿಡಿದಳು. ಕೊಡದೊಳಗೆ ಇಣುಕಿ ನೋಡಿದಳು.

"ಹಾವಲ್ಲ, ಹಾವುಮೀನು. ನಾನು ಕಾಣದ ಮೀನುಂಟಾ? ಆದ್ರೆ ಇಂಥದ್ದು..." ಅವಳ ದನಿ ತಗ್ಗಿತು. "ಅಯ್ಯೋ ದೇವರೇ, ಇದಕ್ಕೆ ಕಣ್ಣೇ ಇಲ್ಲ ಮಾರಾಯ್ರೆ."

ಮೀನು ಮುಟ್ಟದ ಮನೆತನದ ಮುರಿಗೆಪ್ಪ ಮೊಣಕಾಲೂರಿ ಬಗ್ಗಿದ. ಗೇಣುದ್ದದ ಜೀವ. ಎಳೆಗೂಸಿನ ಅಂಗೈಯ ಬಣ್ಣ. ಕಣ್ಣಿರಬೇಕಾದಲ್ಲಿ ನುಣ್ಣನೆಯ ತೊಗಲು. ಕರೆಂಟು ಹೋದಾಗ ನಾವು ಗೋಡೆ ಸವರುತ್ತ ನಡೆಯುತ್ತೇವಲ್ಲ, ಹಾಗೆ ಅದು ಕೊಡದ ಒಳಮೈಯನ್ನು ಮೂತಿಯಿಂದ ಮುಟ್ಟಿ ಮುಟ್ಟಿ ಸುತ್ತುತ್ತಿತ್ತು. ರುದ್ರವ್ವನ ಬಳೆ ಕೊಡದ ಅಂಚಿಗೆ ತಾಗಿ ಟಿಣ್ ಎಂದಿತು. ಮೀನು ತಟ್ಟನೆ ನಿಂತಿತು. ಮೂವರೂ ಉಸಿರು ಹಿಡಿದರು. ಸದ್ದು ಅಡಗಿದ ಮೇಲೆ ಅದು ಮತ್ತೆ ಮೆಲ್ಲಗೆ ಹೊರಟಿತು.

"ಇದರ ಅವ್ವ, ಅವ್ವನ ಅವ್ವ, ಎಷ್ಟು ತಲಿಯಿಂದ ಇಲ್ಲೇ ಅದಾರೋ," ಎಂದಳು ರುದ್ರವ್ವ. "ಈ ಮನಿಗೆ ನಮಗಿಂತ ಹಳೇ ಮಂದಿ."

ಮುರಿಗೆಪ್ಪನಿಗೆ ದಿನಾ ಬೆಳಗಿನ ಜಾವ ತಾನು ಎಳೆದಾಡಿದ ಡ್ರಮ್ಮು ಕೇಳಿಸಿತು. ಕುಕ್ಕಿದ ಬಕೆಟ್ಟು ಕೇಳಿಸಿತು. ನೀರು ಬರಲಿಲ್ಲವೆಂದು ಸಿಟ್ಟಿಗೆದ್ದು ಒದ್ದದ್ದೂ ಕೇಳಿಸಿತು. ಕೈಯಲ್ಲಿದ್ದ ಇಟ್ಟಿಗೆಯನ್ನು ಹುಲ್ಲಿನ ಮೇಲೆ ಇಟ್ಟ. ಹೆಂಡತಿಯಿಂದ ಹಗ್ಗ ಇಸಿದುಕೊಂಡು, ತೊಟ್ಟಿಲು ಇಳಿಸುವವನಂತೆ ಕೊಡವನ್ನು ತಾನೇ ಕತ್ತಲೆಗೆ ಇಳಿಸಿದ. ಹಗ್ಗ ಸಡಿಲಾದ ಮೇಲೂ ಬಹಳ ಹೊತ್ತು ಹಿಡಿದುಕೊಂಡೇ ಇದ್ದ.

"ಇದನ್ನು ಸೊಸೈಟಿಗೆ ಹೇಳದೆ ಇರ್ಲಿಕ್ಕೆ ಆಗ್ತದಾ? ನಿಮ್ಮ ಬೇಲಿ..." ಶೀಲಾವತಿ ಮಾತು ನುಂಗಿದಳು. ಮುರಿಗೆಪ್ಪ ಮಲ್ಲಿಗೆ ಬಳ್ಳಿಯನ್ನೊಮ್ಮೆ, ತನ್ನ ಕುರ್ಚಿಯನ್ನೊಮ್ಮೆ ನೋಡಿದ.

ಆಗಲೇ ಭೀಮರಾಯ ಬೆವರು ಸುರಿಸುತ್ತ ಬಂದು, ಬೆನ್ನ ಮೇಲಿನ ಚೀಲವನ್ನು ಬಾವಿಯ ಪಕ್ಕದಲ್ಲಿ ಧಡ್ಡೆಂದು ಒಗೆದ. "ಸುರೀಲ್ರೀ, ಯಜಮಾನ್ರ?"

ಮುರಿಗೆಪ್ಪ ಎರಡೂ ಕೈ ಚಾಚಿ ಅಡ್ಡ ನಿಂತ. ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಾಡುವ ಆ ಮನುಷ್ಯ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದ:

"ಹೊರಗ ಒಯ್ಯೋ ಅದನ್ನ. ಮೆಲ್ಲಕ... ಕೆಳಗ ಮಂದಿ ಅದಾರ."