ಮುರಿದ ಸೊಂಟದ ಚಿತ್ರ

ಹೊಳಬಸಪ್ಪ ಎಡಗಾಲು ಕುಂಟುತ್ತ ಸಾಕ್ಷಿಕಟ್ಟೆ ಹತ್ತಿದ. ಅರ್ಧ ಗಂಟೆಯ ಹಿಂದೆ ವರಾಂಡದಲ್ಲಿ ಅವನು ಕುಂಟಿದ್ದು ಬಲಗಾಲು. ವಿಮಾ ಕಂಪನಿಯ ವಕೀಲೆ ಪ್ರಿಯದರ್ಶಿನಿ ಎರಡನ್ನೂ ನೋಡಿದ್ದಳು. ಸಿಕ್ಕಿಬಿದ್ದ ಕಳ್ಳ!

ಬಾಗಲಕೋಟೆಯ ನ್ಯಾಯಾಲಯ, 2006. ಇಳಕಲ್ಲಿನ ಹೊಳಬಸಪ್ಪ, ಅವನ ಹೆಂಡತಿ ರತ್ನಾಬಾಯಿ ಇಬ್ಬರೂ ಕೂತಿದ್ದ ಟೆಂಪೊ ಹುನಗುಂದದ ಹತ್ತಿರ ಪಲ್ಟಿಯಾಗಿತ್ತು. ಸೊಂಟ ಮುರಿದಿದೆ, ಇನ್ನು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂರಲಾಗದು, ಮನೆಯ ಅನ್ನವೇ ಹೋಯಿತು ಎಂದು ಅವನ ಅರ್ಜಿ. ಆಧಾರ ಎರಡೇ. ಒಂದು, ನೇಕಾರರ ಸಂಘದವರು ಮನೆಗೊಂದರಂತೆ ಕೊಡುವ ನೇಕಾರ ಕಾರ್ಡು. ಅದಿಲ್ಲದಿದ್ದರೆ ದುಡಿಮೆಗೆ ಪುರಾವೆ ಇಲ್ಲ, ಪರಿಹಾರವಂತೂ ಕನಸಿನ ಮಾತು. ಇನ್ನೊಂದು, ಸೊಂಟದ ಸ್ಕ್ಯಾನು. ದವಾಖಾನೆಯ ಗುಮಾಸ್ತ ಹೆಸರು, ವಯಸ್ಸು ಎಲ್ಲವನ್ನೂ ಅದೇ ಕಾರ್ಡು ನೋಡಿ ಬರೆದುಕೊಂಡಿದ್ದ.

ರತ್ನಾಬಾಯಿ ಬಾಗಿಲ ಬಳಿ ಗೋಡೆ ಹಿಡಿದು ನಿಂತಿದ್ದಳು. ಜವಾನ ಮುದಕಪ್ಪನಿಗೆ ಪಾಪ ಅನ್ನಿಸಿತು.

"ಕುಂಡ್ರಬೇ ಯವ್ವಾ, ಮುಂಜಾನಿಂದ ನಿಂತೀದಿ."

"ಬ್ಯಾಡ್ರಿ ಯಪ್ಪಾ. ನಿಂತ ಇರ್ತೇನಿ."

ಸಾಹೇಬರ ಮುಂದೆ ಕೂರಲು ಅಂಜುತ್ತಾಳೆ ಅಂದುಕೊಂಡು ಅವನು ಮುಂದೆ ಸರಿದ.

ಪ್ರಿಯದರ್ಶಿನಿ ಎದ್ದಳು. "ಸೀರಿ ಮೈಯ ಹಾಸಿನೆಳಿಗೆ ಸೆರಗಿನ ಹಾಸಿನೆಳಿ ಕೂಡಸ್ತೀರಲ್ಲ, ಅದಕ್ಕ ಎಷ್ಟು ಹೊತ್ತು ಬೇಕ್ರಿ?"

ಹೊಳಬಸಪ್ಪ ಬಾಯಿ ತೆರೆದ. ಬಾಗಿಲ ಕಡೆ ನೋಡಿದ. "ಅದು... ಭಾಳ ಹೊತ್ತ ಹಿಡೀತೈತ್ರಿ."

"ಇಪ್ಪತ್ತು ವರ್ಷ ನೇಯ್ದೇನಿ ಅಂತೀರಿ. ಇಷ್ಟು ಹೇಳಾಕ ಹೆಂಡತಿ ಮಾರಿ ನೋಡಬೇಕೇನ್ರಿ?"

ಯಾರೋ ಕಿಸಕ್ಕೆಂದರು. ಅವನ ಹಣೆ ಬೆವರಿತು.

ಎಲುಬಿನ ಡಾಕ್ಟರು ತೌಸಿಫ ಕಂಪ್ಯೂಟರು ತೆರೆದರು. ಮೂರು ಆಯಾಮದ ಸೊಂಟ ಪರದೆಯ ಮೇಲೆ ಗಿರ್ರನೆ ತಿರುಗಿತು. ಹಿಂದು, ಮುಂದು, ಒಳಗು. ಬಿರುಕು ಬಾಯ್ದೆರೆದಿತ್ತು.

"ಪೆಟ್ಟು ಖರೆ ಐತ್ರಿ. ಈ ಸೊಂಟ ಇಟಗೊಂಡು ಮಗ್ಗದ ಕುಣಿಗೆ ಇಳಿಯೂದು ಆಗೂದಿಲ್ಲ."

ಪ್ರಿಯದರ್ಶಿನಿ ಫೈಲು ತಿರುವಿದಳು. ಗೆದ್ದ ಕೇಸು ಕೈಜಾರುತ್ತಿದೆ. ಹಾಗಾದರೆ ಆ ಎರಡು ಕುಂಟು? ಸುಳ್ಳು ಕುಂಟುವವನಿಗೆ ನಿಜವಾದ ಮುರಿತ ಎಲ್ಲಿಂದ ಬಂತು?

"ಡಾಕ್ಟರೇ, ಇದು ಈ ಮನಶ್ಯಾನ ಎಲುಬು ಅಂತ ಪ್ರಮಾಣ ಮಾಡಿ ಹೇಳ್ತೀರಾ?"

ಡಾಕ್ಟರು ಚಿತ್ರವನ್ನು ಮೇಲಿನಿಂದ ತಿರುಗಿಸಿದರು. ಮತ್ತೆ ತಿರುಗಿಸಿದರು. ಕಿವಿ ಕೆಂಪಗಾಯಿತು.

"ಇಷ್ಟು ದಿನ ನಾ ಬಿರುಕಷ್ಟ ನೋಡಿದ್ದೆ. ಈ ಅಗಲ, ಈ ದುಂಡು... ಇದು ಗಂಡಸಿನ ಸೊಂಟ ಅಲ್ರಿ."

ಹೊಳಬಸಪ್ಪ ಅಲ್ಲೇ ಕುಸಿದು ಕೂತ. ಎರಡೂ ಕಾಲು ಸಲೀಸಾಗಿ ಮಡಚಿದವು.

ಗೋಡೆ ಬಿಟ್ಟ ರತ್ನಾಬಾಯಿ ಒಂದೊಂದೇ ಹೆಜ್ಜೆ ಎಳೆಯುತ್ತ ಪರದೆಯ ಮುಂದೆ ಬಂದು ನಿಂತಳು. "ಎಲುಬು ನಂದ್ರಿ. ಇಪ್ಪತ್ತ ವರ್ಷ ನೇಯ್ದಾಕಿನೂ ನಾನ. ಕಾರ್ಡಿನ್ಯಾಗಷ್ಟ ಇವರ ಹೆಸರೈತಿ."