ಮೂರು ಸಲ ಅಳಿಸಿದ ಮುಖ

ಕರುವಿನ ಚರ್ಮದ ಚೂರುಗಳನ್ನು ಕುದಿಸಿ ಅಂಟು ಕಾಸುವ ವಾಸನೆ ಲೈಸ್ಬೆಟ್‌ಗೆ ತೊಟ್ಟಿಲಿನಿಂದಲೇ ಪರಿಚಯ. ಆ ವಾಸನೆ ಬಂದರೆ ಅಪ್ಪ ಚಿತ್ರ ಬರೆಯುತ್ತಿದ್ದಾರೆ, ಮನೆಯಲ್ಲಿ ಎಲ್ಲ ಸರಿಯಿದೆ ಎಂದರ್ಥ. ಇಂದೂ ಅದೇ ವಾಸನೆ. ಆದರೆ ಮೇಜಿನ ಮೇಲಿನ ಪುಟದಲ್ಲಿ ಮರಿಯ ಮಾತೆಗೆ ಮುಖವಿರಲಿಲ್ಲ.

ಇದು ಮೂರನೆಯ ಸಲ. ಕಿರೀಟದ ಚಿನ್ನ ಹಾಗೇ ಇತ್ತು. ಮುಖ ಮಾತ್ರ ಕದಡಿ, ಒಂದು ಕಣ್ಣು ಕೆನ್ನೆಗೆ ಇಳಿದಿತ್ತು.

ಪ್ರಾರ್ಥನೆಯ ಪುಸ್ತಕಕ್ಕಾಗಿ ಉಣ್ಣೆ ವ್ಯಾಪಾರಿಯ ಬಸುರಿ ಹೆಂಡತಿ ಕಾಯುತ್ತಿದ್ದಳು. ನಾಳೆ ಪುಟ ಸಿಗದಿದ್ದರೆ ಕೆಲಸ ಬ್ರೂಜ್ ನಗರದ ಬೇರೆ ಚಿತ್ರಶಾಲೆಗೆ ಹೋಗುತ್ತದೆ. ಅದರ ಹಿಂದೆಯೇ ಅಪ್ಪನ, ಯೋಸ್ ಗುರುಗಳ, ನಲವತ್ತು ವರ್ಷದ ಹೆಸರೂ. ಕೈ ನಡುಗುತ್ತದೆಂದು ಅವರು ಕುಂಚ ಕೆಳಗಿಟ್ಟ ಮೇಲೆ ಬರೆಯುವವಳು ಮಗಳೇ. ಆದರೂ ಪ್ರತಿ ಸಂಜೆ ಪುಟವನ್ನು ಪರೀಕ್ಷಿಸಿ ಒಪ್ಪಬೇಕಾದವರು ಅವರು.

“ಚಿನ್ನ ಚೆನ್ನಾಗಿ ಉಬ್ಬಿ ನಿಂತಿದೆ ಮಗಳೇ, ಅಂಚು ಎಲ್ಲೂ ಎದ್ದಿಲ್ಲ,” ಎಂದಿದ್ದರು ನಿನ್ನೆ.

“ಮುಖ, ಅಪ್ಪ?”

“ನಿನ್ನ ಕೈ ನಂಗೊತ್ತಿಲ್ವಾ?”

ಅಡುಗೆಯ ಹಿಲ್ಲೆ ಒಲೆಯ ಬಳಿಯಿದ್ದಳು. ಅವಳ ಏಪ್ರನ್ನಿನ ತುದಿಯಲ್ಲಿ ಮಾತೆಯ ಕೆನ್ನೆಯ ಗುಲಾಬಿ ಬಣ್ಣ.

“ಅಪ್ಪನ್ನ ನೋಡಿ ಕಲೀಬಾರದಾ? ಪುಟ ನೋಡೋಕೂ ಕೈ ತೊಳ್ಕೋತಾರೆ. ನೀನು ಪಾತ್ರೆ ತಿಕ್ಕೋ ಕೈಯಲ್ಲಿ ದೇವರ ತಾಯೀನ ಮುಟ್ತೀಯ!” ಎಂದು ರೇಗಿದಳು ಲೈಸ್ಬೆಟ್.

ಹಿಲ್ಲೆ ಯಜಮಾನರ ಕೋಣೆಯತ್ತ ನೋಡಿದಳು. ಬಾಗಿಲು ತೆರೆದೇ ಇತ್ತು. ಒಳಗೆ ಯೋಸ್ ತಲೆ ತಗ್ಗಿಸಿದರು. ಆಳಿನ ತಪ್ಪಿಗೆ ಅಪ್ಪ ನಾಚಿದರೆಂದುಕೊಂಡಳು ಲೈಸ್ಬೆಟ್.

“ಹೂಂ ಪುಟ್ಟಮ್ಮ. ನಾನೇ ಮುಟ್ಟಿದ್ದು.”

“ಅಡುಗೆ ಮುಗಿಸಿ ಹೊರಡು.”

ತನ್ನನ್ನು ಎತ್ತಿ ಆಡಿಸಿದವಳಿಗೆ ಹಾಗೆ ಹೇಳುವಾಗ ಲೈಸ್ಬೆಟ್‌ಳ ಕಿವಿ ಬಿಸಿಯಾಯಿತು. ಆದರೂ ಮಾತು ಹಿಂತೆಗೆಯಲಿಲ್ಲ.

“ಹೊರಡ್ತೀನಿ. ಯಜಮಾನ್ರಿಗೆ ಊಟ ಮಾತ್ರ ನಾನೇ ಕೊಟ್ಟು ಹೋಗ್ತೀನಿ.”

“ಯಾಕೆ, ಊಟ ಕೊಡೋಕೆ ನಂಗೆ ಬರಲ್ವಾ?”

“ಬರಲ್ಲ ತಾಯಿ,” ಎಂದಳು ಹಿಲ್ಲೆ ಮೆಲ್ಲಗೆ. “ಬಾ, ನೋಡಿ ಕಲ್ತ್ಕೋ. ಸದ್ದು ಮಾಡ್ಬೇಡ.”

ಕೋಣೆಯ ಕಿಟಕಿಯ ತುಂಬ ನಡುಹಗಲಿನ ಬಿಸಿಲು. ಲೈಸ್ಬೆಟ್ ಅಪ್ಪನ ಎದುರಿಗೇ ಹೋಗಿ ನಿಂತಳು. ಅವರು ಅವಳ ಮುಖವನ್ನೇ ನೇರವಾಗಿ ನೋಡುತ್ತ ಪಿಸುಗುಟ್ಟಿದರು:

“ಹಿಲ್ಲೆ, ಮಗಳು ಹೊರಗೆ ಹೋದಳಾ? ಚಿನ್ನ ಮುಗಿದು ಮುಖ ಶುರುವಾಗೋದು ಬೆರಳಿಗೆ ತಿಳಿಯಲ್ಲ ಕಣೇ, ಮತ್ತೆ ಹಸಿ ಬಣ್ಣ ಅಳಿಸಿಬಿಟ್ಟೆ. ಅದನ್ನ ಅವಳಿಗೆ ಹೇಳೋಕೆ ನಾಚ್ಕೆ.”

ಹಿಲ್ಲೆ ಅವರ ಬೆರಳುಗಳನ್ನು ಹಿಡಿದು, ಮೊದಲು ರೊಟ್ಟಿಗೆ, ಆಮೇಲೆ ಗಂಜಿಯ ಬಟ್ಟಲಿಗೆ ಮುಟ್ಟಿಸಿ, ಚಮಚವನ್ನು ಲೈಸ್ಬೆಟ್‌ಳ ಕೈಗೆ ಕೊಟ್ಟಳು.