ಬಚ್ಚಲ ಕಿಂಡಿ

ಚಳಿ ಶುರುವಾಗುವ ಮೊದಲು ಗ್ಯಾಸ್ ಗೀಸರ್ ಒಮ್ಮೆ ನೋಡಿಸಿಬಿಡೋಣವೆಂದು ಆಕೆ ರಿಪೇರಿಯವನನ್ನು ಕರೆಸಿದ್ದಳು. ಹೋದ ಪುಷ್ಯಮಾಸದಲ್ಲಿ ಗಂಡ ಇದೇ ಬಚ್ಚಲಲ್ಲಿ ಬಿದ್ದು ಸತ್ತಿದ್ದ. ಜಾರಿ ಬಿದ್ದನೆಂದು ಎಲ್ಲರೂ ಹೇಳಿದರು. ಆಕೆಯೂ ನಂಬಿ, ನೆಲದ ನುಣ್ಣನೆಯ ಟೈಲ್ಸ್ ಕೀಳಿಸಿ ಒರಟು ಕಲ್ಲು ಹಾಕಿಸಿದ್ದಳು.

“ಗೀಸರ್ ಚೆನ್ನಾಗಿದೆ, ಅಮ್ಮಾ,” ಎಂದ ರಿಪೇರಿಯವನು ಸ್ಟೂಲ್ ಹತ್ತಿ, ಗೋಡೆಯ ಕಿಂಡಿಗೆ ಅಂಟಿಸಿದ್ದ ಹಳೇ ಕ್ಯಾಲೆಂಡರ್ ಹಾಳೆಯನ್ನು ಕಿತ್ತು ಕೊಟ್ಟ. “ಇದನ್ನ ಮುಚ್ಚಬಾರದು. ಗ್ಯಾಸ್ ಉರಿದ ವಿಷಗಾಳಿ ಒಳಗೇ ನಿಲ್ಲುತ್ತೆ. ವಾಸನೆ ಇರಲ್ಲ. ಸ್ನಾನಕ್ಕೆ ಹೋದೋರು ನಿಂತಲ್ಲೇ ಕುಸಿದುಬಿಡ್ತಾರೆ. ಯಾರು ಅಂಟಿಸಿದ್ದು?”

ಆಕೆ ಹಾಳೆಯನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿದಳು.

“ನಾನೇ. ಅವರಿಗೆ ಚಳಿ ತಡೆಯೋಕೆ ಆಗ್ತಿರಲಿಲ್ಲ.”